ಶಿವಬಸಪ್ಪನ ಅವರೆ, ಟಾರ್ನೀಟಿನ ದೊಡ್ಡಳಿಲು

ಮೆಲ್ಬರ್ನಿನಲ್ಲಿ ಅಳಿಲಿಲ್ಲ. ಬಂದ ಹೊಸದರಲ್ಲಿ ನಾವೆಲ್ಲ ಪಾರ್ಕಿನ ಮರಗಳ ಮೇಲೆ ಅದನ್ನು ಹುಡುಕಿ, ಸಿಗದೆ, ಕೊನೆಗೆ ಪಾಸಮ್ ಎಂಬ ಪ್ರಾಣಿಯನ್ನೇ ಅಳಿಲಿನ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇವೆ. ಬೆಕ್ಕಿನಷ್ಟು ಮೈ, ಪೊದೆಯಂಥ ಬಾಲ, ಗುಲಾಬಿ ಮೂಗು. ಎರಡು ಕೈಯಲ್ಲಿ ಹಿಡಿದು ಕೊರೆದು ತಿನ್ನುವ ರೀತಿ ಮಾತ್ರ ಅಪ್ಪಟ ಅಳಿಲಿನದು. ಹಗಲೆಲ್ಲ ಮರದ ಪೊಟರೆಯಲ್ಲಿ ನಿದ್ದೆ, ಬೆಳಕು ಕಂತುತ್ತಿದ್ದಂತೆ ಊಟದ ಯೋಚನೆ. ಇಲ್ಲಿ ಜೂನಿಗೆ ಶುರುವಾಗುವ ಚಳಿಗಾಲ ಹತ್ತಿರ ಬಂದಂತೆ ಅದರ ಊಟ ಉದ್ದವಾಗುತ್ತದೆ, ನಾಚಿಕೆ ಗಿಡ್ಡವಾಗುತ್ತದೆ.

ಈ ಪ್ರಾಣಿ ಊಟ ಮಾಡುವುದನ್ನು ಊರಂಚಿನ ನಮ್ಮ ಟಾರ್ನೀಟಿನ ಕನ್ನಡಿಗರಲ್ಲಿ ಶಿವಬಸಪ್ಪನಷ್ಟು ನೋಡಿದವರು ಇನ್ನೊಬ್ಬರಿಲ್ಲ. ನೋಡದೆ ಇರಲಾಗದ ಸಂಕಟ ಅವರಿಗೆ ಬಂದಿತ್ತು.

ಶಿವಬಸಪ್ಪ ಗುಬ್ಬಿ ಕಡೆಯವರು, ಐವತ್ತು ದಾಟಿದವರು. ಸ್ಕಿಲ್ಡ್ ವೀಸಾದಲ್ಲಿ ಬಂದು, ಕಾಯಂ ವಾಸದ ಪಿಆರ್ ಆಗಿ, ಟಾರ್ನೀಟಿನಲ್ಲಿ ಮನೆ ಕಟ್ಟಿಸಿ, ದಿನಾ ರೈಲು ಹತ್ತಿ ಸಿಟಿಗೆ ಹೋಗುತ್ತಿದ್ದರು. ಸಾಫ್ಟ್‌ವೇರ್ ಟೆಸ್ಟಿಂಗ್. ಅಂದರೆ ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವ ಕೆಲಸ. ಆಫೀಸಿನಲ್ಲಿ ಅದಕ್ಕೆ ಸಂಬಳ ಇತ್ತು. ನನ್ನ ದಿನಸಿ ಅಂಗಡಿಯಲ್ಲಿ ಬಿಟ್ಟಿಯಾಗಿ ಮಾಡಿಕೊಡುತ್ತಿದ್ದರು.

"ಶೆಟ್ರೇ, ಉದ್ದಿನಬೇಳೆ ಪ್ಯಾಕೆಟ್ ಮೇಲೆ ಕಡ್ಲೆಬೇಳೆ ಫೋಟೋ ಇದೆ."

"ಫೋಟೋ ಬೇಯಿಸ್ಬೇಡಿ, ಬೇಳೆ ಬೇಯಿಸಿ."

ಫೆಬ್ರವರಿಯಲ್ಲಿ ಅವರ ಕಂಪನಿ ಇಡೀ ಟೆಸ್ಟಿಂಗ್ ತಂಡವನ್ನೇ ಮನೆಗೆ ಕಳಿಸಿತು. ಅದಾದ ಮೇಲೆ ಅವರು ಅಂಗಡಿಗೆ ಬಂದರೂ ಯಾವ ಪ್ಯಾಕೆಟ್ಟನ್ನೂ ತಿರುಗಿಸಿ ನೋಡುತ್ತಿರಲಿಲ್ಲ. ಕೊಟ್ಟಿದ್ದನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಅಂಥ ಗಿರಾಕಿ ವ್ಯಾಪಾರಿಗೆ ಒಳ್ಳೆಯದೇ. ಆದರೂ ನನಗೆ ಅದನ್ನು ನೋಡಿ ಭಯವಾಯಿತು.

ಹೆಂಡತಿ ನೀಲಾಂಬಿಕಾ ಏಜ್ಡ್ ಕೇರ್‌ನಲ್ಲಿ, ಅಂದರೆ ವೃದ್ಧಾಶ್ರಮದಲ್ಲಿ, ಶಿಫ್ಟ್ ಕೆಲಸ ಮಾಡುತ್ತಾರೆ. ಮನೆಸಾಲದ ಕಂತು ಈಗ ಅವರೊಬ್ಬರ ಹೆಗಲ ಮೇಲೆ. ಮಗಳು ಸಿಂಚನಾ ಹೈಸ್ಕೂಲು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

ಕಷ್ಟದಲ್ಲಿದ್ದವರಿಗೆ ನೆರವಾಗುವ ನೆಂಟರೂ ಇದ್ದರು. ನೀಲಾಂಬಿಕಾ ಅವರ ಅಣ್ಣ ಗುರುಬಸವ, ಸಿಡ್ನಿಯ ಬ್ಲ್ಯಾಕ್‌ಟೌನಿನವರು. ಕ್ಲೀನಿಂಗ್ ಕಾಂಟ್ರ್ಯಾಕ್ಟ್, ಮನೆ ಮುಂದೆ ಸಾಲಾಗಿ ಬಿಳಿ ವ್ಯಾನುಗಳು, ಹಿತ್ತಲಿನಲ್ಲಿ ಎರಡು ರೂಮಿನ ಗ್ರ್ಯಾನಿ ಫ್ಲ್ಯಾಟ್. ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ಗಂಟಲು. ಕೆಲಸ ಹೋದ ಸುದ್ದಿ ಕೇಳಿದ ದಿನವೇ ಅವರು ತೀರ್ಮಾನ ಮಾಡಿಬಿಟ್ಟಿದ್ದರು: ತಂಗಿ, ಭಾವಮೈದ, ಮಗು ಮೂವರೂ ಬ್ಲ್ಯಾಕ್‌ಟೌನಿಗೆ ಬರುವುದು, ಹಿತ್ತಲ ಮನೆಯಲ್ಲಿರುವುದು, ಶಿವಬಸಪ್ಪ ವ್ಯಾನುಗಳ ಮೇಲ್ವಿಚಾರಣೆ ನೋಡಿಕೊಳ್ಳುವುದು. ಸಿಡ್ನಿಯಲ್ಲಿ ಅದನ್ನು ಗ್ರ್ಯಾನಿ ಫ್ಲ್ಯಾಟ್ ಎನ್ನುತ್ತಾರೆ. ನಮ್ಮ ಕಡೆ ಹೆಂಡತಿಯ ತವರಿನ ಹಿತ್ತಲಲ್ಲಿ ಅವರ ಅನ್ನ ತಿಂದುಕೊಂಡಿರುವ ಗಂಡಸಿಗೆ ಬೇರೆ ಹೆಸರಿದೆ: ಮನೆಅಳಿಯ. ತಲೆ ನರೆತ ಮೇಲೆ ಆ ಬಿರುದು ಹೊರಬೇಕಲ್ಲ ಎಂದು ಶಿವಬಸಪ್ಪ ಒಳಗೊಳಗೇ ಬೇಯುತ್ತಿದ್ದರು. ಬೇಡ ಎನ್ನಲು ಕೈಯಲ್ಲಿ ಕೆಲಸವಿರಲಿಲ್ಲ.

ಯುಗಾದಿ ದಿನ ಮಾವಿನೆಲೆ ಕೊಡಲು ಹೋದವನನ್ನು ಅವರು ಒಬ್ಬಟ್ಟಿಗೆ ಕೂರಿಸಿಕೊಂಡರು. ಆಗ ಬ್ಲ್ಯಾಕ್‌ಟೌನಿನಿಂದ ವಿಡಿಯೋ ಕಾಲ್ ಬಂತು.

"ಏನ್ರೀ ಶಿವಬಸಪ್ಪ, ಹಿಂದ್ಗಡೆ ಬೇಲಿ ಮೇಲೆ ಏನದು ಹಸಿರು?"

"ಅವರೆ, ಭಾವ."

"ಅವರೆನಾ! ಆ ಚಳೀಲಿ ಮನುಷ್ಯರೇ ಮುದುರ್ಕೊಂಡಿರ್ತಾರೆ, ಅವರೆ ಎಲ್ಲಿ ಬರುತ್ತೆ? ಬರೀ ಬಳ್ಳಿ ನೋಡ್ಕೊಂಡಿರಿ."

"ಬರುತ್ತೆ ಭಾವ. ಹೊತ್ತು ಗಿಡ್ಡ ಆದಮೇಲೆ ಹೂ ಬಿಡುತ್ತೆ."

"ಹಂಗಾರೆ ಒಂದ್ ಮಾತು. ಮೇ ಕೊನೇಲಿ ನಾನು ಬರ್ತೀನಿ. ನಿಮ್ ಹಿತ್ತಲ ಅವರೇಲಿ ಒಂದು ಸಾರು ಮಾಡಿ ಹಾಕಿ. ಹಾಕಿದ್ರೆ ಬ್ಲ್ಯಾಕ್‌ಟೌನ್ ಸುದ್ದಿ ನಾನಾಗಿ ಎತ್ತಲ್ಲ. ಇಲ್ಲಾಂದ್ರೆ ಸಾಮಾನು ಕಟ್ಟಿಡಿ, ವ್ಯಾನಲ್ಲೇ ಬರ್ತೀನಿ. ಶೆಟ್ರು ಸಾಕ್ಷಿ!"

ಅವರು ನಕ್ಕರು, ನಾನೂ ನಕ್ಕೆ. ಶಿವಬಸಪ್ಪ ನಗಲಿಲ್ಲ. "ಆಗ್ಲಿ ಭಾವ" ಎಂದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಸ್ವಲ್ಪ ಜೋರಾಯಿತು. ನೀಲಾಂಬಿಕಾ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಬಿತ್ತಿದ್ದು ನನ್ನದೇ ಅಂಗಡಿಯ ಒಣ ಅವರೆಕಾಳು. ನಾನು ಮಾರಿದ್ದು ಸಾರಿಗೆ. ಕೆಲಸ ಇದ್ದ ಕಾಲದಲ್ಲಿ, ಬೇಸಿಗೆಗೆ ಮುಂಚೆ, ಅವರು ತಮಾಷೆಗೆ ಒಂದು ಹಿಡಿ ಮಣ್ಣಿಗೆ ಹಾಕಿದ್ದರು. ಈಗ ಅದು ಪಕ್ಕದ ಮನೆಯ ಹಲಗೆ ಬೇಲಿಯ ಉದ್ದಕ್ಕೂ ಬೊಂಬಿನ ಚಪ್ಪರ ಹಿಡಿದು ನಿಂತಿತ್ತು. ಏಪ್ರಿಲ್ ಹುಟ್ಟುತ್ತಿದ್ದಂತೆ ನೇರಳೆ ಬಣ್ಣದ ಹೂಗೊಂಚಲು ತಲೆಯೆತ್ತಿದವು. ಶಿವಬಸಪ್ಪ ಫೋಟೋ ತೆಗೆದು ಬ್ಲ್ಯಾಕ್‌ಟೌನಿಗೆ ಕಳಿಸಿದರು.

ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಮೇಲಿನ ಸಾಲಿನ ಹೂವೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮಾಯ.

ಅವರ ಹಿತ್ತಲ ಹಿಂದೆ ತೊರೆ, ತೊರೆಯ ದಂಡೆಯಲ್ಲಿ ಒಂದು ಮುದಿ ಗಮ್ ಮರ, ನಮ್ಮ ನೀಲಗಿರಿಯ ಜಾತಿ. ಸುತ್ತ ಎಲ್ಲ ಸವರಿ ಸೈಟು ಮಾಡಿದವರು ಅದೊಂದನ್ನು ಕಡಿಯಲು ಅನುಮತಿ ಸಿಗದೆ ಬಿಟ್ಟಿದ್ದರು. ಕಳ್ಳ ಬರುತ್ತಿದ್ದುದು ಅಲ್ಲಿಂದ. ಮಾರನೆಯ ಸಂಜೆ ಶಿವಬಸಪ್ಪ ಕುರ್ಚಿ ಹಾಕಿಕೊಂಡು ಕೂತರು. ಬೆಳಕು ಬೂದಿಯಾಗುವ ಹೊತ್ತಿಗೆ ಪೊಟರೆಯಿಂದ ಮೊದಲು ಕಿವಿ ಬಂತು, ಆಮೇಲೆ ಮೂಗು. ಗಾಳಿ ಮೂಸಿ, ಯಾವ ಆತುರವೂ ಇಲ್ಲದೆ ಕಾಂಡದ ಮೇಲೆ ತಲೆಕೆಳಗಾಗಿ ಇಳಿದು, ಬೇಲಿಯ ತುದಿಯ ಮೇಲೆ ನಡೆದು ಬಂತು. ಬೆನ್ನ ಮೇಲೆ ಒಂದು ಮರಿ. ದಾರಿಯಲ್ಲಿ ನಿಂಬೆಗಿಡ. ಒಂದು ಹಣ್ಣಿನ ಸಿಪ್ಪೆಯನ್ನಷ್ಟೇ ಸುತ್ತಲೂ ಕೊರೆದು ತಿಂದು, ಬೆತ್ತಲೆ ನಿಂಬೆಹಣ್ಣನ್ನು ಗಿಡದಲ್ಲೇ ನೇತಾಡಲು ಬಿಟ್ಟಿತು. ಆಮೇಲೆ ಚಪ್ಪರ. ಕೈಚಾಚಿ ಹೂಗೊಂಚಲನ್ನು ಹತ್ತಿರ ಎಳೆದುಕೊಂಡು, ಬುಡದಿಂದ ತುದಿಯವರೆಗೆ ತಿಂದಿತು.

"ಪಂಕ್ತೀಲಿ ಕೂತು ತಿನ್ನೋರ ಥರ ತಿನ್ನುತ್ತೆ ಶೆಟ್ರೇ! ಮರೀಗೆ ಒಂದು ಚೂರು ಕೊಡೋದು, ತಾನು ತಿನ್ನೋದು."

"ಎಲೆ ಹಾಕಿ ಬಡಿಸೋದೊಂದು ಬಾಕಿ."

ಅದನ್ನೂ ಮಾಡಿದರು. ಬಾಳೆಹಣ್ಣು ಇಟ್ಟರೆ ಹೊಟ್ಟೆ ತುಂಬಿ ಅವರೆ ಬಿಟ್ಟೀತೆಂದು ಎಣಿಸಿದರು. ಅದು ಬಾಳೆಹಣ್ಣು ತಿಂದು, ಊಟದ ಮೇಲೆ ಎಲೆಅಡಿಕೆ ಹಾಕಿಕೊಳ್ಳುವವರಂತೆ ಅವರೆ ಹೂವನ್ನೂ ತಿಂದು ಹೋಯಿತು. ಬೇಲಿಗೆ ಇಂಗಿನ ನೀರು ಬಳಿದರು, ಸೀನಿತು, ಬಂತು. ಒಣಮೆಣಸಿನಕಾಯಿ ಅರೆದು ಹಚ್ಚಿದರು. ಆ ರಾತ್ರಿ ಮಳೆ ಬಂದು ತೊಳೆಯಿತು. ಇಂಗು, ಮೆಣಸಿನಕಾಯಿ ಎರಡೂ ನನ್ನಲ್ಲಿಂದಲೇ ಹೋದವು. ಪಾಸಮ್‌ನಿಂದ ನನಗೇನೂ ನಷ್ಟವಾಗಲಿಲ್ಲ.

ಬೋನಿಟ್ಟು ಹಿಡಿದು ದೂರ ಬಿಟ್ಟುಬರುವ ಯೋಚನೆಯೂ ಬಂದಿತ್ತು. ಸಿಂಚನಾ ತಲೆಯೆತ್ತದೆ ಹೇಳಿದಳು, "ಇಟ್ಸ್ ಇಲ್ಲೀಗಲ್, ಅಪ್ಪ. ದೇ ಆರ್ ಪ್ರೊಟೆಕ್ಟೆಡ್."

"ಅದಕ್ಕೆ ಪ್ರೊಟೆಕ್ಷನ್ ಇದೆ. ನನಗೆ?"

"ಯೂ ಹ್ಯಾವ್ ಅಮ್ಮ."

ಏಪ್ರಿಲ್ ಮುಗಿಯುವಷ್ಟರಲ್ಲಿ ಅರ್ಧ ಚಪ್ಪರ ಬೋಳಾಗಿತ್ತು. ಬುಡದ ಕಡೆ, ಒತ್ತಾದ ಎಲೆಯೊಳಗೆ ಮಾತ್ರ ಕಾಯಿ ಕಚ್ಚಿದ್ದವು. ಬ್ಲ್ಯಾಕ್‌ಟೌನಿನಿಂದ ವಾರಕ್ಕೊಮ್ಮೆ ಫೋನು: "ಏನಾಯ್ತು ಬೆಳೆ? ವ್ಯಾನ್ ಸರ್ವೀಸಿಗೆ ಬಿಟ್ಟಿದೀನಿ, ದೂರದ ದಾರಿ." ನಗುತ್ತಲೇ ಹೇಳುತ್ತಿದ್ದರು. ಫೋನಿಟ್ಟ ಮೇಲೆ ಶಿವಬಸಪ್ಪ ಹೊರಗೆ ಹೋಗಿ ಬುಡದ ಕಾಯಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರಂತೆ. ನೀಲಾಂಬಿಕಾ ಅಂಗಡಿಯಲ್ಲಿ ಹೇಳಿದ್ದು: "ಮುಟ್ಟೀ ಮುಟ್ಟೀ ಅದಕ್ಕೇ ನಾಚಿಕೆ ಬಂದಿರ್ಬೇಕು ಶೆಟ್ರೇ, ದಪ್ಪಾನೇ ಆಗ್ತಿಲ್ಲ."

ಕೊನೆಗೆ ಅವರಿಗೆ ಊರಿನ ಉಪಾಯ ನೆನಪಾಯಿತು. ಗುಬ್ಬಿ ಕಡೆ ಕಾಡುಹಂದಿ ನುಗ್ಗದಿರಲೆಂದು ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಗಾಳಿಗೆ ಸೀರೆ ಪಟಪಟ ಎಂದರೆ ಯಾರೋ ಜನ ನಿಂತಿದ್ದಾರೆಂದು ಹಂದಿ ತಿರುಗಿ ಹೋಗುತ್ತದೆ. ಶಿವಬಸಪ್ಪ ಹೆಂಡತಿಯ ಹಳೆ ಸೀರೆಗಳನ್ನು ಒಂದಕ್ಕೊಂದು ಗಂಟುಹಾಕಿ, ಚಪ್ಪರದ ಬೊಂಬುಗಳಿಗೆ ಬಿಗಿದು, ಬೇಲಿಯ ತುದಿಯವರೆಗೆ ಎಳೆದು ಕಟ್ಟಿದರು. ಸೀರೆ ಸಾಲದೆ ಬಂದ ದಿನ ನೀಲಾಂಬಿಕಾ ಶಿಫ್ಟಿನಲ್ಲಿದ್ದರು. ಸೂಟ್‌ಕೇಸಿನ ತಳದಲ್ಲಿ ಮಡಿಕೆಯಲ್ಲೇ ಸೀಳಿದ್ದ, ಇನ್ನು ಉಡಲಾಗದ ಸಾಸಿವೆ ಬಣ್ಣದ ಒಂದು ರೇಷ್ಮೆ ಸೀರೆ ಸಿಕ್ಕಿತು. ಅದೂ ಬೇಲಿಗೆ ಹೋಯಿತು. ನೆರೆಹೊರೆಯವರು ನಮ್ಮದೇನೋ ಹಬ್ಬವೆಂದು ಕೈಮುಗಿದರು.

"ಶಿವಬಸಪ್ಪ, ಹಂದಿ ಮರ ಹತ್ತಲ್ಲ. ಇದು ಹತ್ತುತ್ತೆ" ಎಂದೆ.

"ಹಂದೀನೇ ಹೆದರುತ್ತೆ ಶೆಟ್ರೇ, ಇದು ಅಳಿಲು!"

ಮೊದಲೆರಡು ದಿನ ಅದು ಬೇಲಿಯ ಮೇಲೆ ಕೂತು ಸೀರೆಗಳನ್ನು ನೋಡಿ ವಾಪಸು ಹೋಯಿತು. ಮೂರನೆಯ ದಿನ ಸೀರೆ ಹಿಡಿದು ಇಳಿಯಿತು. ಆದರೂ ಸೆರಗುಗಳು ಬುಡವನ್ನು ಮುಚ್ಚಿದ್ದರಿಂದ ಕೆಳಗಿನ ಕಾಯಿ ಉಳಿದವು, ದಿನದಿನಕ್ಕೂ ಉಬ್ಬಿದವು. ಅಂಗಡಿಗೆ ಬಂದರೆ ಶಿವಬಸಪ್ಪನದು ಈಗ ಅದೇ ಮಾತು.

"ಇವತ್ತು ಮರಿ ಮೊದಲ್ನೇ ಸಲ ಬೆನ್ನಿಂದ ಇಳೀತು."

"ಶತ್ರುವಿನ ಮಗಳಿಗೆ ನಾಮಕರಣ ಯಾವಾಗ?"

"ತಮಾಷೆ ಬೇಡ ಶೆಟ್ರೇ. ಚಳಿ ಬರೋ ಮುಂಚೆ ಅದಕ್ಕೆ ಮೈ ತುಂಬ್ಕೋಬೇಕು. ಚಳಿ ಬರೋ ಮುಂಚೆ ನನಗೆ ಕಾಳು ತುಂಬ್ಬೇಕು. ಇಬ್ರಿಗೂ ಇರೋದು ಒಂದೇ ಚಪ್ಪರ."

ಮೇ ಕೊನೆಯ ಶನಿವಾರ ಮಧ್ಯಾಹ್ನ ಬಿಳಿ ವ್ಯಾನು ಬಂದೇ ಬಂತು. ಹಿಂದುಗಡೆ ಖಾಲಿ. ಸಾಮಾನು ಕಟ್ಟುವ ಹಗ್ಗ ಮಾತ್ರ ಸುರುಳಿ ಸುತ್ತಿ ಇಟ್ಟಿತ್ತು. ಮರುದಿನದ ಊಟಕ್ಕೆ ರಾಗಿಹಿಟ್ಟು, ತುಪ್ಪ ತಂದಿದ್ದ ನಾನು ಅದನ್ನು ನೋಡಿದೆ. ಶಿವಬಸಪ್ಪನೂ ನೋಡಿದರು.

ಗುರುಬಸವ ನೇರ ಹಿತ್ತಲಿಗೆ ಹೋದರು. ಬಗ್ಗಿ, ಬುಡದ ಒಂದು ಕಾಯನ್ನು ಹೆಬ್ಬೆರಳಿನಲ್ಲಿ ಒತ್ತಿದರು. ಒಳಗೆ ಕಾಳು ಗಟ್ಟಿಯಾಗಿತ್ತು. ಬೆರಳು ಮೂಸಿದರು. ಸೊಗಡು ಬಂದಿರಬೇಕು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಇಷ್ಟೇನಾ? ಇದ್ರಲ್ಲಿ ಸಾರಾಗುತ್ತಾ?"

"ಒಂದು ಪಾತ್ರೆಗೆ ಆಗುತ್ತೆ ಭಾವ. ನಾಳೆ ಬೆಳಿಗ್ಗೆ ಇಬ್ಬನೀಲಿ ಕೊಯ್ಯೋಣ, ಸೊಗಡು ಚೆನ್ನಾಗಿರುತ್ತೆ."

"ನಾಳೆ ತನಕ ಇದ್ರೆ ತಾನೆ" ಎಂದರು ಗುರುಬಸವ, ಪಾಸಮ್ ಕತೆ ಅವರಿಗೂ ಮುಟ್ಟಿತ್ತು.

ಚುರುಮುರಿ, ಟೀ ಮುಗಿಯುವಾಗ ಹೊರಗೆ ಬೆಳಕು ಇಳಿಯುತ್ತಿತ್ತು. ಮೊದಲು ಪಕ್ಕದ ಮನೆಯ ಶೇರಾ ಬೊಗಳಿತು. ಶೇರಾ ಎಂದರೆ ಕುರಿ ಕಾಯುವ ಜಾತಿಯ ನಾಯಿ. ಯಜಮಾನರು ಪಂಜಾಬಿ ಗಂಡಹೆಂಡತಿ, ಇಬ್ಬರೂ ಟ್ರಕ್ ಓಡಿಸುತ್ತಾರೆ, ಅವತ್ತು ಅಡಿಲೇಡಿನ ದಾರಿಯಲ್ಲಿದ್ದರು. ಆಮೇಲೆ ಗಂಟಲು ಹರಿಯುವಂಥ ಒಂದು ಗೊರಗೊರ ಕೇಳಿಸಿತು. ಶಿವಬಸಪ್ಪ ಲೋಟ ಇಡದೆಯೇ ಓಡಿದರು.

ಪಾಸಮ್ ಬೇಲಿಯ ಆಚೆ ಬದಿಗೆ ತಲೆಕೆಳಗಾಗಿ ನೇತಾಡುತ್ತಿತ್ತು. ಹಿಂಗಾಲು ಒಂದು ಸೀರೆಯ ಸಡಿಲ ಜರಿಯ ಎಳೆಗಳಲ್ಲಿ ಸಿಕ್ಕಿಕೊಂಡಿತ್ತು. ಒದ್ದಾಡಿದಷ್ಟೂ ಎಳೆ ಬಿಗಿಯುತ್ತಿತ್ತು. ಅದರ ಕೆಳಗೆ ಶೇರಾ ಎಗರುತ್ತಿತ್ತು. ಒಂದೊಂದು ಎಗರಿಗೂ ಹಲ್ಲಿನ ಸದ್ದು ಕೇಳಿಸುತ್ತಿತ್ತು. ಬೆನ್ನಿನಿಂದ ಬಿದ್ದ ಮರಿ ಈಚೆ ಬದಿಯ ಅವರೆ ಬಳ್ಳಿಯೊಳಗೆ ಕೂತು ಚಿರ್ ಚಿರ್ ಎಂದು ಕೂಗುತ್ತಿತ್ತು. ಆ ಕೂಗಿಗೇ ತಾಯಿ ಇನ್ನೂ ಒದ್ದಾಡುತ್ತಿತ್ತು.

ಗುರುಬಸವ ಪೊರಕೆ ಎತ್ತಿಕೊಂಡರು. "ಕೋಲಲ್ಲಿ ಈಚೆ ತಳ್ಳೋಣ!"

"ಬೇಡ ಭಾವ. ಮುಟ್ಟಿದ್ರೆ ಇನ್ನೂ ಬಿಗಿಯುತ್ತೆ. ಫೋನ್ ಲೈಟ್ ಆರಿಸಿ, ಕಣ್ಣಿಗೆ ಬಿಡ್ಬೇಡಿ."

ಸಿಂಚನಾ ಆಗಲೇ ವನ್ಯಪ್ರಾಣಿ ರಕ್ಷಣೆಯವರಿಗೆ ಫೋನು ಮಾಡಿದ್ದಳು. ವೆರಿಬಿಯಿಂದ ಒಬ್ಬ ಸ್ವಯಂಸೇವಕಿ ಹೊರಟಿದ್ದರು. ಬರಲು ಅರ್ಧ ಗಂಟೆಯ ಮೇಲಾಗುತ್ತದೆ. ಕೈಯಿಂದ ಬಿಡಿಸಲು ಹೋಗಬೇಡಿ, ಟವೆಲ್ ಮುಚ್ಚಿ, ನಾಯಿಯನ್ನು ದೂರ ಇಡಿ ಎಂದಿದ್ದರಂತೆ. ನಾಯಿಯಿದ್ದದ್ದು ಬೀಗ ಹಾಕಿದ ಅಂಗಳದಲ್ಲಿ. ನಾನು ನನ್ನ ಚೀಲದಿಂದ ಚಕ್ಕುಲಿ ಪೊಟ್ಟಣ ಒಡೆದು ಬೇಲಿಯ ಆಚೆಯ ಮೂಲೆಗೆ ಎಸೆದೆ. ಶೇರಾ ಹೋಗಿ ಅಷ್ಟನ್ನೂ ಕಟಕಟ ಅಗಿದು, ವಾಪಸು ಬಂದು, ಮೊದಲಿಗಿಂತ ಎತ್ತರಕ್ಕೆ ಎಗರಿತು.

"ಶಕ್ತಿ ಬಂತು ಅದಕ್ಕೆ! ಇನ್ನೊಂದ್ ಪೊಟ್ಟಣ ಹಾಕಿ ಶೆಟ್ರೇ, ಬೇಲಿನೇ ಹಾರುತ್ತೆ!" ಎಂದು ಗುರುಬಸವ ಹಲ್ಲು ಕಡಿದರು.

ಶಿವಬಸಪ್ಪ ಚಪ್ಪರವನ್ನು ನೋಡುತ್ತಿದ್ದರು. ಆಫೀಸಿನಲ್ಲಿ ಪರದೆ ಹೀಗೇ ನೋಡುತ್ತಿದ್ದರೇನೋ, ಅಲುಗದೆ. ಸೀರೆಗಳೆಲ್ಲ ಬೊಂಬಿಗೆ ಬಿಗಿದಿದ್ದವು. ಬೊಂಬುಗಳನ್ನು ಒಟ್ಟಿಗೆ ಈಚೆಗೆ ಎಳೆದು ಮಲಗಿಸಿದರೆ ಸೀರೆಯ ಜೊತೆ ಪಾಸಮ್ಮೂ ಬೇಲಿ ದಾಟಿ ಈಚೆಗೆ ಬರುತ್ತದೆ. ಆದರೆ ಚಪ್ಪರವನ್ನು ಹಿಡಿದು ನಿಲ್ಲಿಸಿದ್ದು ಬೇಲಿಗೆ ಸುತ್ತಿಕೊಂಡಿದ್ದ ಅವರೆ ಬಳ್ಳಿಯೇ. ಬಳ್ಳಿ ಕಡಿಯದೆ ಚಪ್ಪರ ಬೀಳುವುದಿಲ್ಲ. ಚಪ್ಪರ ಬಿದ್ದರೆ ಬುಡದ ಕಾಯೆಲ್ಲ ಅದರ ಕೆಳಗೆ ಸಿಕ್ಕಿ ನಜ್ಜಾಗುತ್ತವೆ. ಇಷ್ಟು ನಮಗೆಲ್ಲರಿಗೂ ಕಾಣುತ್ತಿತ್ತು.

ಶೇರಾದ ಹಲ್ಲಿಗೆ ಈ ಸಲ ಬಾಲದ ಕೂದಲು ಸಿಕ್ಕಿತು.

ಶಿವಬಸಪ್ಪ ಗಿಡ ಸವರುವ ಕತ್ತರಿ ತೆಗೆದುಕೊಂಡು ಬೇಲಿಗೆ ಸುತ್ತಿದ್ದ ಬಳ್ಳಿಗಳಿಗೆ ಕೈಹಾಕಿದರು. ಒಂದು, ಇನ್ನೊಂದು, ಸಾಲಾಗಿ.

"ರೀ, ಏನ್ ಮಾಡ್ತಿದೀರ! ಸಾರು ಹೋಯ್ತಲ್ರೀ!" ಕೂಗಿದ್ದು ಗುರುಬಸವ.

"ಹೋಗ್ಲಿ ಭಾವ. ಆ ಕಡೆ ಬೊಂಬು ಹಿಡ್ಕೊಳ್ಳಿ. ಶೆಟ್ರೇ, ನೀವು ನಡುವಿಂದು. ನಾನು ಹೇಳಿದಾಗ ಎಳೀರಿ. ನಿಲ್ಲಿಸ್ಬೇಡಿ."

ಎಳೆದೆವು. ಬೊಂಬು ಕಿರುಗುಟ್ಟಿತು, ಬಳ್ಳಿ ಚಟಚಟ ಹರಿಯಿತು, ಬೇಲಿಯ ಒಂದು ಹಲಗೆಯೂ ಕಿತ್ತು ಬಂತು. ಪಾಸಮ್ ಬೇಲಿಯ ತುದಿಗೆ ಬಂದು ಅಲ್ಲಿ ಹಲಗೆಗೆ ಉಗುರು ಕಚ್ಚಿ ಹಿಡಿಯಿತು. ಹಿಂದಿನಿಂದ ನಾಯಿ, ಮುಂದೆ ನಾವು. ಬಿಡುತ್ತಿಲ್ಲ. "ಹಂಗೇ ಹಿಡ್ಕೊಂಡಿರಿ, ಎಳೀಬೇಡಿ, ಮಾತಾಡ್ಬೇಡಿ" ಎಂದು ಶಿವಬಸಪ್ಪ ಪಿಸುಗುಟ್ಟಿದರು. ನಾವು ಭಾರ ಹಿಡಿದು ನಿಂತೆವು. ಸಿಂಚನಾ ಬಳ್ಳಿಯೊಳಗಿನ ಮರಿಯನ್ನು ಟವೆಲಿನಲ್ಲಿ ಎತ್ತಿಕೊಂಡು ಬೇಲಿಯ ಈಚೆ ಕೂತಳು. ಮರಿ ಕೂಗಿತು. ತಾಯಿ ಉಗುರು ಬಿಟ್ಟಿತು. ಎಲ್ಲ ಒಟ್ಟಿಗೆ ಬಿದ್ದೆವು: ಬೊಂಬು, ಬಳ್ಳಿ, ಸೀರೆ, ಪಾಸಮ್, ನಾನು. ಅವರೆಕಾಯಿ ನನ್ನ ಬೆನ್ನಿನಡಿ ಪಚ್ ಎಂದವು.

ಶಿವಬಸಪ್ಪ ದಪ್ಪ ಟವೆಲ್ ಹಾಕಿ ಅದನ್ನು ಅವುಚಿ ಹಿಡಿದರು. ಕಾಲು ಹೊರಗೆ ಚಾಚಿತ್ತು. ಜರಿ ಮಾಂಸಕ್ಕೆ ಇಳಿದು ಪಾದ ಊದಿಕೊಂಡಿತ್ತು. "ಸೀರೆ ಕತ್ತರಿಸ್ಬೇಕು, ಬೇಗ. ಭಾರ ಎಳೀತಿದೆ."

ಸೀರೆಯ ಇನ್ನೊಂದು ತುದಿ ಗುರುಬಸವರ ಕೈಯಲ್ಲಿತ್ತು. ಸಿಂಚನಾಳ ಟಾರ್ಚಿನ ಬೆಳಕಿನಲ್ಲಿ ಅವರು ಅಂಚನ್ನು ನೋಡಿದರು. ಸಾಸಿವೆ ಬಣ್ಣ, ಕೆಂಪು ಅಂಚು.

"ನೀಲಾ, ಇದು ನಾನು ಕೊಟ್ಟಿದ್ದಲ್ವೇನೆ? ನೀವಿಲ್ಲಿಗೆ ಬಂದ ಮೊದಲ್ನೇ ಗೌರಿ ಹಬ್ಬಕ್ಕೆ?"

ನೀಲಾಂಬಿಕಾ ಅಡುಗೆಮನೆಯಿಂದ ಕತ್ತರಿ ತಂದಿದ್ದರು.

"ತವರಿನ ಸೀರೇನ ಹಂದಿ ಬೇಲಿಗೆ ಕಟ್ಟಿದೀರೇನ್ರೀ?"

"ಭಾವ, ಯಾವ ಸೀರೆ ಅಂತ ನನಗೆ ಗೊತ್ತಿರ್ಲಿಲ್ಲ. ಸೂಟ್‌ಕೇಸಲ್ಲಿ ತಳದಲ್ಲಿತ್ತು." ಶಿವಬಸಪ್ಪ ಟವೆಲ್ ಬಿಡುವಂತಿರಲಿಲ್ಲ, ಮಂಡಿಯೂರಿ ಕೂತೇ ಹೇಳಿದರು.

"ಗೊತ್ತಿರ್ಲಿಲ್ಲ! ಮನೇಲಿ ಏನಿದೆ ಏನಿಲ್ಲ ನಿಮಗೆ ಗೊತ್ತಿರಲ್ಲ. ಅದಕ್ಕೇ ಹೇಳೋದು ಬ್ಲ್ಯಾಕ್‌ಟೌನಿಗೆ..."

"ಅಣ್ಣ, ಬಿಡು."

"ಬಿಡು ಅಂದ್ರೇನೇ?"

"ಸೀರೆ ಬಿಡು. ಅದರ ಕಾಲು ಹೋಗುತ್ತೆ." ನೀಲಾಂಬಿಕಾ ಅಣ್ಣನ ಮುಷ್ಟಿಯ ಪಕ್ಕಕ್ಕೇ ಕತ್ತರಿ ತಂದರು. "ನನಗೆ ಕೊಟ್ಟೆ ತಾನೆ? ಕೊಟ್ಟ ಮೇಲೆ ನಂದು. ನಾಲ್ಕು ಗೌರಿ ಹಬ್ಬ ಉಟ್ಟಿದೀನಿ, ಐದನೇ ವರ್ಷ ಮಡಿಕೇಲಿ ಸೀಳ್ತು. ಎಸೆಯೋಕೆ ಮನಸ್ಸು ಬರದೆ ಇಟ್ಕೊಂಡಿದ್ದೆ. ಉಡಬೇಕಾ, ಬೇಲಿಗೆ ಕಟ್ಟಬೇಕಾ, ಕತ್ತರಿಸ್ಬೇಕಾ ನಾನು ಹೇಳ್ತೀನಿ. ಮನೇನೂ ಹಂಗೇ. ಎಲ್ಲಿರ್ಬೇಕು ಅಂತ ನೀನು ಕೇಳಿದ್ದು ಅವರನ್ನ, ಅವರು ಪಂಥ ಕಟ್ಟಿದ್ದು ನಿನ್ನ ಹತ್ರ. ನನ್ನ ಯಾರು ಕೇಳಿದ್ರಿ? ಈಗ ಬಿಡು."

ಗುರುಬಸವ ಬಿಟ್ಟರು. ಕತ್ತರಿ ರೇಷ್ಮೆಯ ಮೇಲೆ ಓಡಿತು. ಪಾದದ ಸುತ್ತ ಒಂದು ಅಂಗೈಯಗಲ ತುಂಡು ಬಿಟ್ಟು ಉಳಿದಿದ್ದೆಲ್ಲ ಕೆಳಗೆ ಬಿತ್ತು. ಭಾರ ಇಳಿದ ಕೂಡಲೇ ಟವೆಲಿನೊಳಗಿನ ಒದ್ದಾಟ ನಿಂತಿತು. ನಿಂತದ್ದು ಬದುಕಿಯೋ ಸತ್ತೋ ತಿಳಿಯಲಿಲ್ಲ. ಶಿವಬಸಪ್ಪ ಟವೆಲಿನ ಮೇಲೆ ಕೈಯಿಟ್ಟು ನೋಡಿದರು.

"ಉಸಿರಾಡ್ತಿದೆ" ಎಂದರು.

ಸ್ವಯಂಸೇವಕಿ ಬಂದರು. ಬೆಳ್ಳಿ ಕೂದಲಿನ, ಮಾತು ಕಡಿಮೆಯ ಹೆಂಗಸು. ಬಾಗಿದ ಮೂತಿಯ ಪುಟ್ಟ ಕತ್ತರಿಯಿಂದ ಜರಿಯ ಎಳೆಗಳನ್ನು ಒಂದೊಂದಾಗಿ ತೆಗೆದು, ಪಾದ ಒತ್ತಿ ನೋಡಿ, ಬೆಚ್ಚಗಿದೆ, ಬೆರಳು ಆಡುತ್ತಿವೆ ಎಂದರು. ತಾಯಿಯನ್ನೂ ಮರಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಕತ್ತಲಲ್ಲಿಟ್ಟು, ಆಮೇಲೆ ಗಮ್ ಮರದ ಬುಡದಲ್ಲಿ ಬಾಯಿ ತೆರೆದರು. ಮರಿ ಬೆನ್ನೇರಿತು. ತಾಯಿ ಒಂದು ಕಾಲನ್ನು ಎತ್ತೆತ್ತಿ ಇಡುತ್ತ ಮರ ಹತ್ತಿತು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಹೋಗುವಾಗ ಆ ಹೆಂಗಸು ಸೀರೆಗಳ ರಾಶಿ ನೋಡಿ, ಇಂಥ ಬಟ್ಟೆ ಇನ್ನು ಗಿಡಕ್ಕೆ ಕಟ್ಟಬೇಡಿ ಎಂದಷ್ಟೇ ಹೇಳಿದರು.

ಹಿತ್ತಲು ಹಂದಿ ಹಿಂಡು ನುಗ್ಗಿದ ಹೊಲದ ಹಾಗಿತ್ತು. ಶಿವಬಸಪ್ಪ ಮೆಟ್ಟಿಲ ಮೇಲೆ ಕೂತು ಕೈಮೇಲಿನ ಗೀರುಗಳನ್ನು ನೋಡಿಕೊಳ್ಳುತ್ತಿದ್ದರು. ಖಾಲಿ ವ್ಯಾನು ಮನೆಯ ಮುಂದೆ ನಿಂತೇ ಇತ್ತು.

ಗುರುಬಸವ ಒಳಗೆ ಹೋಗಿ ಒಂದು ಪಾತ್ರೆ ತಂದರು. ಫೋನಿನ ದೀಪ ಹಚ್ಚಿಕೊಂಡು, ಬೊಂಬು ಎತ್ತಿ, ಬಳ್ಳಿ ಬಿಡಿಸಿ, ಮಂಡಿಯೂರಿ ಕಾಯಿ ಆರಿಸತೊಡಗಿದರು. ನಜ್ಜಾದದ್ದು, ಸೀಳಿದ್ದು, ಮಣ್ಣಾದದ್ದು, ಯಾವುದನ್ನೂ ಬಿಡಲಿಲ್ಲ. ಪ್ಯಾಂಟಿನ ಮಂಡಿ ಒದ್ದೆಯಾಗಿ ಕಪ್ಪಾಯಿತು. ತಾನು ಸೋಲಬೇಕಾದ ಸಾರಿಗೆ ತಾನೇ ಇಷ್ಟು ಬಗ್ಗಿ ದುಡಿದ ಮನುಷ್ಯನನ್ನು ನನ್ನ ವ್ಯಾಪಾರದ ಆಯುಸ್ಸಿನಲ್ಲಿ ನಾನು ನೋಡಿಲ್ಲ.

ಸುಲಿದು ನೋಡಿದರೆ ಕಾಳು ಎರಡು ಬೊಗಸೆಯೂ ಇರಲಿಲ್ಲ. ಐದು ಜನ.

"ಕಾರಲ್ಲಿ ಫ್ರೋಜನ್ ಅವರೆ ಪ್ಯಾಕೆಟ್ ಇದೆ" ಎಂದು ನಾನು ಮೆಲ್ಲಗೆ ಹೇಳಿದೆ. ವ್ಯಾಪಾರಿಯ ಬಾಯಿ, ಸುಮ್ಮನಿರುವುದಿಲ್ಲ. "ಒಂದಿಷ್ಟು ಬೆರೆಸಿದ್ರೆ..."

ಶಿವಬಸಪ್ಪ ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ಗುರುಬಸವ ಗದರಿದರು. "ಸುಮ್ನಿರಿ ಶೆಟ್ರೇ! ಅದನ್ನ ಹಾಕಿದ್ರೆ ನಾನು ಸೋತಂಗಾಗಲ್ಲ."

ಅಡುಗೆಮನೆಯಲ್ಲಿ ನೀಲಾಂಬಿಕಾ ಒಗ್ಗರಣೆಗೆ ಎಣ್ಣೆ ಇಟ್ಟಿದ್ದರು. ತಿರುಗಿ ಅಣ್ಣನ ಮುಖ ನೋಡಿ, ಮತ್ತೆ ಒಲೆಯ ಕಡೆ ತಿರುಗಿದರು.

ಸಾರು ನೀರಾಗಿತ್ತು. ಮುದ್ದೆಯ ಪಕ್ಕ ತಟ್ಟೆಗೆ ನಾಲ್ಕೈದು ಕಾಳು. ಆದರೆ ಆ ಸೊಗಡು ಮನೆಯೆಲ್ಲ ಹಬ್ಬಿತ್ತು. ಫ್ರೋಜನ್ ಪ್ಯಾಕೆಟ್ ಮಾರುವ ನಾನು ಇದನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ. ಗುರುಬಸವ ತಲೆ ಬಗ್ಗಿಸಿ ಉಂಡರು. ತಟ್ಟೆಯನ್ನು ಬೆರಳಲ್ಲಿ ಬಳಿದರು. ಇನ್ನೊಂದು ಸೌಟು ಹಾಕಿಸಿಕೊಂಡರು.

"ನೀಲಾ, ಆ ಹಿಂದಿನ ಮನೆ ಬಾಡಿಗೆಗೆ ಬಿಟ್ಬಿಡ್ತೀನಿ. ಸುಮ್ನೆ ಖಾಲಿ ಬಿದ್ದಿದೆ."

"ನನಗ್ಯಾಕೆ ಹೇಳ್ತೀಯಣ್ಣ? ಶೆಟ್ರಿಗೆ ಹೇಳು, ಅಂಗಡಿ ಬೋರ್ಡಿಗೆ ಚೀಟಿ ಹಾಕ್ತಾರೆ."

"ಬ್ಲ್ಯಾಕ್‌ಟೌನ್ ಮನೆಗೆ ಟಾರ್ನೀಟಲ್ಲಿ ಚೀಟಿನಾ?" ಎಂದೆ.

"ಹಾಕಿ ಶೆಟ್ರೇ, ಯಾರಾದ್ರೂ ಮನೆಅಳಿಯ ಆಗೋರು ಇದ್ರೆ ಬರ್ಲಿ" ಎಂದರು ಶಿವಬಸಪ್ಪ. ಹೇಳಿದ ಮೇಲೆ ಹೆಚ್ಚಾಯಿತೇನೋ ಎಂದು ಭಾವನ ಕಡೆ ನೋಡಿದರು. ಗುರುಬಸವ ಮುದ್ದೆ ನುಂಗುತ್ತಿದ್ದರು, ನಗಲು ಹೋಗಿ ನೆತ್ತಿಗೇರಿತು. ಶಿವಬಸಪ್ಪ ನೀರಿನ ಲೋಟ ಅವರ ಕಡೆ ಸರಿಸಿ, ನಾನು ತಂದಿದ್ದ ತುಪ್ಪದ ಡಬ್ಬಿಯನ್ನು ಕೈಗೆತ್ತಿಕೊಂಡು, ತಿರುಗಿಸಿ, ಹಿಂದಿನ ಅಕ್ಷರಗಳನ್ನು ಓದತೊಡಗಿದರು.